ಏನಾಗೂದಿಲ್ಲ ಬಿಡ್ರಿ ಮೇಸ್ತ್ರಿ

ಸೇತುವೆಯೋ ಕಟ್ಟಡವೋ ಏಳುವ ಮೊದಲು, ಅಲ್ಲಿನ ಮಣ್ಣು ಎಷ್ಟು ಭಾರ ತಾಳೀತು ಎಂದು ನೋಡಲು ಒಂದು ತಂಡ ಬರುತ್ತದೆ. ಆ ತಂಡದಲ್ಲಿ ಒಬ್ಬ ಮೇಸ್ತ್ರಿ ಇದ್ದೇ ಇರುತ್ತಾನೆ. ದಿನವಿಡೀ ಅವನದು ಒಂದೇ ಮಾತು: ‘ಏನಾಗೂದಿಲ್ಲ ಬಿಡ್ರಿ ಸರ.’

ಗದಗಿನ ಕಡೆಯ ನಮ್ಮ ಮೇಸ್ತ್ರಿ, ಕೊಟ್ಟ ಹೆಲ್ಮೆಟ್ಟಿನಲ್ಲಿ ಗಿರ್ಮಿಟ್ ಕಲಸಿ ಹುಡುಗರಿಗೆ ಹಂಚುತ್ತಿದ್ದ. (ನಾನೂ ತಿಂದಿದ್ದೇನೆ, ರುಚಿಯಾಗಿತ್ತು.) ಕಬ್ಬಿಣದ ಟ್ರೈಪಾಡ್ ನಿಲ್ಲಿಸುವಾಗ ಮೇಲೆ ಕರೆಂಟಿನ ತಂತಿ ಇದೆಯೇ ಎಂದು ತಲೆ ಎತ್ತಿದವನಲ್ಲ. ಮಣ್ಣಿಗೆ ರಾಡ್ ಇಳಿಸಲು 63.5 ಕಿಲೋ ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಧಡ್ ಧಡ್ ಬೀಳುವಾಗ ನಾನು ಪೆಟ್ಟು ಎಣಿಸಬೇಕು. ನನ್ನ ಕಣ್ಣೆಲ್ಲ ರಾಡ್ ಹಿಡಿದ ಅವನ ಬೆರಳುಗಳ ಲೆಕ್ಕದ ಮೇಲೆ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಅವನ ಗುಂಡಿ ನಿದ್ದೆ. ಮಣ್ಣಿನ ಪದರ ನೋಡಲು ತೋಡಿದ 3 ಮೀಟರ್ ಗುಂಡಿ. ಬದಿಗೆ ಹಲಗೆಯ ಆಸರೆಯಿಲ್ಲ, ತೆಗೆದ ಮಣ್ಣೆಲ್ಲ ಅಂಚಿನಲ್ಲೇ ಗುಡ್ಡೆ. ಊಟವಾದದ್ದೇ ತಡ, ಮೇಸ್ತ್ರಿ ಏಣಿ ಇಳಿದು, ಟವೆಲ್ ಹಾಸಿ, ಒಂದು ಬೀಡಿ ಸೇದಿ ಮಲಗಿಬಿಡುವನು. ಬಿಸಿಲಿಗೆ ಬಿರಿದ ಎರೆಮಣ್ಣು ಹೆಂಟೆ ಹೆಂಟೆಯಾಗಿ ಅವನ ಕಾಲ ಬಳಿ ಉದುರುವುದು. ಮಿರುಗುವ ಹಳದಿ ಜಾಕೆಟ್ ತೊಟ್ಟು, ಅಂಚಿನಿಂದ ಮಾರು ದೂರ ನಿಂತು ನನ್ನ ಭಾಷಣ: ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ, ಎದೆಮಟ್ಟ ಹೂತರೂ ಉಸಿರು ನಿಲ್ಲಬಹುದು. ಒಳಗಿಂದ ಗೊರಕೆ.

ಒಮ್ಮೆ ಕೆಲಸದ ಹುಡುಗನೊಬ್ಬ ಅವನ ಪಕ್ಕ ಮಲಗಲು ಇಳಿದ. ಮೇಸ್ತ್ರಿ ದಡಕ್ಕನೆ ಎದ್ದು, ವಾಚಾಮಗೋಚರ ಬೈದು, ಏಣಿ ಹತ್ತಿಸಿ ಕಳಿಸಿದ.

‘ನಿಮಗ ಏನಾಗೂದಿಲ್ಲ, ಅವಗ ಆಗತೈತೇನ್ರಿ?’ ಎಂದೆ.

‘ಅವಂದು ಇನ್ನಾ ಮದವಿ ಆಗಿಲ್ರಿ ಸರ.’

ಅಂದರೆ ಎಲ್ಲ ಗೊತ್ತಿತ್ತು ಅವನಿಗೆ, ನನ್ನ ಭಾಷಣಕ್ಕಿಂತ ಚೆನ್ನಾಗಿಯೇ. ‘ಹಂಗಾದ್ರ ನೀವ್ಯಾಕ ಇಳೀತೀರಿ?’ ಎಂದರೆ ಸುಮ್ಮನೆ ಸುತ್ತ ಕೈ ತೋರಿಸಿದ. ಏಪ್ರಿಲ್ ಬಿಸಿಲು, ಕಣ್ಣು ಹಾಯುವಷ್ಟು ದೂರ ಒಂದು ಬೇವಿನ ಗಿಡವೂ ಇಲ್ಲ. ನೆರಳಿದ್ದದ್ದು ಎರಡೇ ಕಡೆ: ಆ ಗುಂಡಿಯಲ್ಲಿ, ಮತ್ತು ನಾನು ಬುತ್ತಿ ಬಿಚ್ಚುತ್ತಿದ್ದ ಜೀಪಿನಲ್ಲಿ.

ಮಣ್ಣು ಪರೀಕ್ಷೆಯ ಟೆಂಡರ್ ಬರೆಯುವ ಮಹನೀಯರು ಸುತ್ತಿಗೆಯ ತೂಕವನ್ನು ದಶಮಾಂಶ ಬಿಡದೆ ಬರೆಯುತ್ತಾರೆ. ಮುಂದಿನ ಸಲ ಗುಂಡಿಯ ಬದಿಗೆ ಹಲಗೆ, ನಾಲ್ಕು ಗಳ, ಒಂದು ತಾಡಪತ್ರಿ, ಇಷ್ಟನ್ನೂ ಬರೆಯಲಿ.