ಹಸಿರು ಫಲಕದ ಕುಟ್ಟಿ ಯಾನೆ: ಮೆಟ್ಟೂರಿನಿಂದ ಒಂದು ಬಹಿರಂಗ ಪತ್ರ

ವಿದ್ಯುತ್ ಪಿಕಪ್ ವಾಹನಗಳನ್ನು ತಯಾರಿಸುವ, ಮಾರುವ ಹಾಗೂ ಅವುಗಳ ಪರವಾಗಿ ಭಾಷಣ ಮಾಡುವ ಸಮಸ್ತ ಮಹನೀಯರ ಅವಗಾಹನೆಗೆ,

ಸೇಲಂ ಜಿಲ್ಲೆಯ ಮೆಟ್ಟೂರು, ಕೊಳತ್ತೂರು, ಮೇಚ್ಚೇರಿ, ಜಲಕಂಡಾಪುರ ಮತ್ತು ನೆರೆಯ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಬದುಕುವ ಕುಟುಂಬಗಳು ಅನೇಕವಿದ್ದು, ಅವುಗಳಲ್ಲಿ ಕೆಲವಕ್ಕೆ ಒಂದು ಸಣ್ಣ ಸರಕು ಗಾಡಿಯೇ ಜೀವನಾಧಾರ. 2005ರಲ್ಲಿ ಟಾಟಾ ಏಸ್ ಬಂದಾಗ ಈ ಸೀಮೆ ಅದನ್ನು ತಮಿಳಿನಲ್ಲಿ ಕುಟ್ಟಿ ಯಾನೆ, ಅಂದರೆ ಮರಿಯಾನೆ, ಎಂದು ಕರೆದು, ನೂಲಿನ ಮೂಟೆ, ಮರಗೆಣಸು, ಜಲಾಶಯದ ಮೀನು, ಮದುವೆಯ ಪಾತ್ರೆ, ಕೊನೆಗೆ ಮದುವೆಯ ನೆಂಟರನ್ನೂ ಅದರ ಬೆನ್ನಿಗೆ ಹೇರಿತು. 2022ರ ಮೇ ತಿಂಗಳಲ್ಲಿ ಅದೇ ಗಾಡಿಯ ವಿದ್ಯುತ್ ಅವತಾರ ಪ್ರಕಟವಾಯಿತು; ಅಲ್ಲಿಂದೀಚೆಗೆ ಮಹನೀಯರು ಪರಿಸರ, ಉಳಿತಾಯ ಮತ್ತು ಭವಿಷ್ಯ ಎಂಬ ಮೂರು ಪದಗಳನ್ನು ಎಷ್ಟು ಉದಾರವಾಗಿ ಹಂಚಿದ್ದಾರೆಂದರೆ, ಗಾಡಿ ಸ್ಟ್ಯಾಂಡಿನಲ್ಲಿ ಬಾಡಿಗೆಗಾಗಿ ಕಾದು ಕುಳಿತವರಿಗೂ ಅವು ಬಾಯಿಪಾಠವಾಗಿವೆ.

ಗುಣವನ್ನು ಗುಣವೆಂದು ಒಪ್ಪದಿರುವುದು ಅಧರ್ಮವಾದ್ದರಿಂದ ಮೊದಲಿಗೆ ಅದನ್ನೇ ದಾಖಲಿಸಬೇಕು. ವಿದ್ಯುತ್ ಗಾಡಿಗೆ ಕ್ಲಚ್ ಇಲ್ಲ, ಎಂಜಿನ್ ಆಯಿಲ್ ಬದಲಿಸುವ ಖರ್ಚಿಲ್ಲ, ನಸುಕಿನಲ್ಲಿ ಹೊರಟರೆ ಓಣಿಯ ನಾಯಿಗೂ ಎಚ್ಚರವಾಗುವುದಿಲ್ಲ. ಬಾಡಿಗೆಗೆ ಓಡುವ ವಿದ್ಯುತ್ ವಾಹನಕ್ಕೆ ಹಸಿರು ಹಿನ್ನೆಲೆಯ ಮೇಲೆ ಹಳದಿ ಅಕ್ಷರದ ನಂಬರ್ ಫಲಕ ದೊರೆಯುತ್ತದೆ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಅದಕ್ಕೆ ಪರ್ಮಿಟ್ ಬೇಕಿಲ್ಲ. ತಮಿಳುನಾಡಿನ 2023ರ ವಿದ್ಯುತ್ ವಾಹನ ನೀತಿಯು 2025ರ ಕೊನೆಯವರೆಗೆ ರಸ್ತೆ ತೆರಿಗೆಯನ್ನೂ ಪೂರ್ತಿ ಬಿಟ್ಟುಕೊಟ್ಟಿತು. ಪರ್ಮಿಟ್ ಕೇಳುವ ಹಕ್ಕನ್ನು ಕಳೆದುಕೊಂಡ ಚೆಕ್‌ಪೋಸ್ಟುಗಳ ಮನೋವ್ಯಥೆಯನ್ನು ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲವೆಂಬುದು ಮಾತ್ರ ಖೇದಕರ.

ಉಳಿತಾಯದ ಲೆಕ್ಕಕ್ಕೆ ಮಹನೀಯರು ತಾವೇ ಅನುಕೂಲ ಮಾಡಿಕೊಟ್ಟಿದ್ದಾರೆ. 2025ರ ಜೂನ್‌ನಲ್ಲಿ ಬಿಡುಗಡೆಯಾದ ಏಸ್ ಪ್ರೋ ಗಾಡಿಯ ಆರಂಭಿಕ ಬೆಲೆ ಪೆಟ್ರೋಲಿನದಕ್ಕೆ 3.99 ಲಕ್ಷ, ವಿದ್ಯುತ್ತಿನದಕ್ಕೆ 6.50 ಲಕ್ಷ, ಎರಡರ ನಡುವಿನ ಅಂತರ 2.51 ಲಕ್ಷ ರೂಪಾಯಿ ಇತ್ತು. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಲೀಟರಿಗೆ 18 ಕಿಲೋಮೀಟರ್ ಎಂದೂ, ಯೂನಿಟ್ಟಿಗೆ, ಅಂದರೆ ಒಂದು ಕಿಲೋವ್ಯಾಟ್-ಗಂಟೆ ವಿದ್ಯುತ್ತಿಗೆ, 8 ರೂಪಾಯಿ ತೆತ್ತು ಏಳೂವರೆ ಕಿಲೋಮೀಟರ್ ಓಡಬಹುದೆಂದೂ ಹಿಡಿದರೆ, ಪ್ರತಿ ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ ಉಳಿಯುತ್ತದೆ. ಆ ಅಂತರ ತೀರಲು ಸುಮಾರು 56,000 ಕಿಲೋಮೀಟರ್ ಓಡಬೇಕು. ದಿನಕ್ಕೆ 100 ಕಿಲೋಮೀಟರ್ ಓಡುವವನಿಗೆ ಇದು ಎರಡು ವರ್ಷದೊಳಗೆ ಮುಗಿಯುವ ಮಾತು, 50 ಓಡುವವನಿಗೆ ಮೂರು ವರ್ಷ ಮೀರುವ ಮಾತು, ಸಾಲದ ಬಡ್ಡಿ ಬೇರೆ. ಹೆಚ್ಚು ಓಡಿದರೆ ಮಾತ್ರ ಲಾಭ ಎನ್ನುವ ಅರ್ಥಶಾಸ್ತ್ರವನ್ನೂ, ಹೆಚ್ಚು ಓಡಬೇಡ ಎನ್ನುವ ಬ್ಯಾಟರಿಯನ್ನೂ ಒಂದೇ ಚಾಸಿಯ ಮೇಲೆ ಕೂರಿಸಿದ ಜಾಣ್ಮೆ ಸಾಮಾನ್ಯವಾದದ್ದಲ್ಲ.

ಒಂದು ಚಾರ್ಜಿಗೆ 154 ಅಥವಾ 155 ಕಿಲೋಮೀಟರ್ ಎಂದು ಕರಪತ್ರದಲ್ಲಿ ಅಚ್ಚಾಗುವ ಅಂಕಿಗೆ ಪ್ರಮಾಣೀಕೃತ ವ್ಯಾಪ್ತಿ ಎಂದು ಹೆಸರು. ಪ್ರಯೋಗಾಲಯದ ಉರುಳೆಗಳ ಮೇಲೆ ಗೊತ್ತುಪಡಿಸಿದ ವೇಗದಲ್ಲಿ ಗಾಡಿಯನ್ನು ಓಡಿಸಿ ಇದನ್ನು ಪಡೆಯಲಾಗುತ್ತದೆ. ಇಂಥ ಅಂಕಿಯನ್ನು ಓದುವುದು ಹೇಗೆಂದು ಮೆಟ್ಟೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. 1934ರಲ್ಲಿ ಮುಗಿದ ಇಲ್ಲಿನ ಸ್ಟ್ಯಾನ್ಲಿ ಜಲಾಶಯದ ಪೂರ್ಣಮಟ್ಟ 120 ಅಡಿ, ಸಂಗ್ರಹ 93.47 ಟಿಎಂಸಿ, ಆದರೆ ಆ ಮಟ್ಟವನ್ನು ಅದು 43ನೆಯ ಬಾರಿ ಮುಟ್ಟಿದ್ದು 2024ರ ಜುಲೈ ಕೊನೆಯಲ್ಲಿ, ಅಂದರೆ ಸರಾಸರಿ ಎರಡು ವರ್ಷಕ್ಕೊಮ್ಮೆಯೂ ಅಲ್ಲ. ಉಳಿದ ದಿನಗಳಲ್ಲಿ ಇಲ್ಲಿನವರು ಬೆಳಗಿನ ಪತ್ರಿಕೆಯಲ್ಲಿ ಪೂರ್ಣಮಟ್ಟವನ್ನು ನೋಡುವುದಿಲ್ಲ, ಇವತ್ತಿನ ಮಟ್ಟವನ್ನು ನೋಡುತ್ತಾರೆ. ವರ್ಷ ಕಳೆದಂತೆ ತಳದಲ್ಲಿ ಹೂಳು ಕೂತು ಅಣೆಕಟ್ಟೆ ಹಿಡಿಯುವ ನೀರು ಕಡಿಮೆಯಾಗುವಂತೆ, ಲಿಥಿಯಂ ಬ್ಯಾಟರಿಯೂ ಪ್ರತಿ ಚಾರ್ಜಿಗೆ ಕಿಂಚಿತ್ತು ಸವೆದು ತನ್ನ ಧಾರಣೆಯನ್ನು ಬಿಟ್ಟುಕೊಡುತ್ತದೆ. ಆ ಗಾಡಿಯನ್ನು ಹಳೆಯದಾಗಿ ಮಾರಲು ಹೋದಾಗ ಕೊಳ್ಳುವವನು ತಳದ ಹೂಳನ್ನೇ ಕೇಳುತ್ತಾನೆ, ಕರಪತ್ರವನ್ನಲ್ಲ.

ಭಾರದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮೊದಲ ಏಸ್ ವಿದ್ಯುತ್ ಗಾಡಿಗೆ ಅನುಮತಿಸಿದ ಸರಕು 600 ಕಿಲೋ, ಏಸ್ ಪ್ರೋಗೆ 750 ಕಿಲೋ. ಮೆಟ್ಟೂರಿನ ಸುತ್ತ ಹಾರುಬೂದಿಯ ಇಟ್ಟಿಗೆ ಸಾಮಾನ್ಯ ಲೋಡು. ಒಂದರ ತೂಕ ಸುಮಾರು 3 ಕಿಲೋ ಇರುವುದರಿಂದ ಏಸ್ ಪ್ರೋ ಶಾಸ್ತ್ರೋಕ್ತವಾಗಿ 250 ಇಟ್ಟಿಗೆ ಹೊರಬಹುದು. 250 ಇಟ್ಟಿಗೆಗೆ ಬಾಡಿಗೆ ಕೊಡುವ ಮನೆ ಕಟ್ಟುವವನನ್ನು ಮಹನೀಯರು ಹುಡುಕಿಕೊಟ್ಟರೆ ಸ್ಟ್ಯಾಂಡಿನವರು ಆಭಾರಿಯಾಗಿರುತ್ತಾರೆ. ಡೀಸೆಲ್ ಗಾಡಿಯ ಮೇಲೆ ಹೆಚ್ಚು ಹೇರಿದರೆ ಅದು ಕೆಮ್ಮುತ್ತ, ಕಪ್ಪು ಹೊಗೆ ಬಿಡುತ್ತ ಹೇಗೋ ದಡ ಸೇರುತ್ತದೆ. ವಿದ್ಯುತ್ ಗಾಡಿಯಾದರೋ ಒಂದು ಮಾತೂ ಆಡದೆ ಉಳಿದ ಕಿಲೋಮೀಟರುಗಳನ್ನು ಒಂದೊಂದಾಗಿ ಕಳೆಯುತ್ತ ಬರುತ್ತದೆ. ಸಾರಿಗೆ ಇಲಾಖೆಗೆ ಇಷ್ಟು ವರ್ಷ ಸಾಧ್ಯವಾಗದ ಕಾನೂನು ಪಾಲನೆಯನ್ನು ಇದು ಮೌನವಾಗಿಯೇ ಸಾಧಿಸಿದೆ.

ಇನ್ನು ಹೊಗೆ. ವಿದ್ಯುತ್ ವಾಹನ ಊರಿನ ಹೊಗೆಯನ್ನು ಬೇರೆಲ್ಲೋ ಕಳುಹಿಸುತ್ತದೆ ಎಂಬುದು ಬೆಂಗಳೂರು, ಚೆನ್ನೈಗಳ ಮಟ್ಟಿಗೆ ನಿಜವಾದ ಮಾತು. ಆ ‘ಬೇರೆಲ್ಲೋ’ ಎಂಬ ಸ್ಥಳಗಳಲ್ಲಿ ಮೆಟ್ಟೂರೂ ಒಂದು. ಇಲ್ಲಿನ ಉಷ್ಣ ವಿದ್ಯುತ್ ಸ್ಥಾವರದ 210 ಮೆಗಾವ್ಯಾಟಿನ ನಾಲ್ಕು ಹಳೆಯ ಘಟಕಗಳೂ 600 ಮೆಗಾವ್ಯಾಟಿನ ಹೊಸ ಘಟಕವೂ ಸೇರಿ 1,440 ಮೆಗಾವ್ಯಾಟಿನಷ್ಟು ಸಾಮರ್ಥ್ಯವಿದ್ದು, ರೈಲಿನಲ್ಲಿ ಬಂದ ಕಲ್ಲಿದ್ದಲು ಇಲ್ಲಿ ಉರಿದು ಬೂದಿಯಾಗುತ್ತದೆ, ಬೂದಿ ಇಟ್ಟಿಗೆಯಾಗುತ್ತದೆ, ಇಟ್ಟಿಗೆಯನ್ನು ಹೊರುವ ಗಾಡಿ ಅದೇ ಕಲ್ಲಿದ್ದಲಿನ ಕರೆಂಟಿನಿಂದ ಚಾರ್ಜಾಗಿ ಹಸಿರು ಫಲಕ ಧರಿಸುತ್ತದೆ. ನ್ಯಾಯವಾಗಿ ಹೇಳುವುದಾದರೆ ಚಿತ್ರ ಪೂರ್ತಿ ಕಪ್ಪಲ್ಲ: ಮೋಟಾರು ತನಗೆ ಸಿಕ್ಕ ಶಕ್ತಿಯ ಬಹುಪಾಲನ್ನು ಚಕ್ರಕ್ಕೆ ತಲುಪಿಸುತ್ತದೆ, ಎಂಜಿನ್ ಬಹುಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ, ಅಣೆಕಟ್ಟೆಯಿಂದ ನೀರು ಬಿಟ್ಟಾಗ ಇಲ್ಲಿನ ಜಲವಿದ್ಯುತ್ ಕೇಂದ್ರಗಳು ತಿರುಗುತ್ತವೆ, ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣದ ಗಾಳಿಯಂತ್ರಗಳೂ ತಿರುಗುತ್ತವೆ. ಆದರೆ ಹಗಲೆಲ್ಲ ದುಡಿದು ರಾತ್ರಿ ಪ್ಲಗ್ಗಿಗೆ ಕಟ್ಟುವ ಗಾಡಿಗೆ ಸೌರವಿದ್ಯುತ್ತಿನ ಭಾಗ್ಯವಿಲ್ಲ. ಬೇಸಗೆಯ ರಾತ್ರಿಗಳಲ್ಲಿ ಅದರ ಹಸಿರು ಫಲಕವನ್ನು ಕಿಂಚಿತ್ತು ಬೂದು ಬಣ್ಣಕ್ಕೆ ತಿರುಗಿಸುವ ತಂತ್ರಜ್ಞಾನವನ್ನೂ ಮಹನೀಯರು ಪರಿಶೀಲಿಸಬಹುದು.

ಪ್ಲಗ್ ಎಂದೊಡನೆ ಅದು ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಮೊದಲ ಏಸ್ ವಿದ್ಯುತ್ ಗಾಡಿಯ 21.3 ಯೂನಿಟ್ಟಿನ ಬ್ಯಾಟರಿಗೆ 15 ಆಂಪಿಯರಿನ ಮನೆ ಪ್ಲಗ್ಗಿನಲ್ಲಿ ಆರೂವರೆ ಗಂಟೆಯಾದರೂ ಬೇಕು. ಬಾಡಿಗೆ ಮನೆಯ ಮಹಡಿಯಲ್ಲಿ ಮಲಗುವವನ ಗಾಡಿ ಬೀದಿಯಲ್ಲಿ ಮಲಗುತ್ತದೆ. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಮನೆಗೆ 100 ಯೂನಿಟ್ ಉಚಿತ, ಅಂದರೆ ಗಾಡಿಗೆ ಐದು ರಾತ್ರಿಯ ಊಟಕ್ಕಿಂತ ಕಡಿಮೆ. ವಿದ್ಯುತ್ ಮಗ್ಗದವರಿಗೆ 1,000 ಯೂನಿಟ್ ಉಚಿತವೆಂಬುದನ್ನು ಜಲಕಂಡಾಪುರದ ಕನ್ನಡ ಮಾತಿನ ದೇವಾಂಗ ನೇಕಾರರ ಓಣಿಗಳಲ್ಲಿ ಎಲ್ಲರೂ ಬಲ್ಲರು. ಆ ಮೀಟರಿಗೂ ಗಾಡಿಯ ಚಾರ್ಜರಿಗೂ ನಡುವೆ ಯಾವ ಸಂಬಂಧವನ್ನೂ ಈ ಪತ್ರ ಸೂಚಿಸುವುದಿಲ್ಲ. ಅಮೆರಿಕದಲ್ಲಿ 2022ರಿಂದ ಗಿರಾಕಿಗಳ ಕೈಸೇರಿದ ಫೋರ್ಡ್ ಎಫ್-150 ಲೈಟ್ನಿಂಗ್ ಪಿಕಪ್ಪು ಕರೆಂಟು ಹೋದಾಗ ಮನೆಗೇ ವಿದ್ಯುತ್ ಕೊಡಬಲ್ಲದಂತೆ. ಇಲ್ಲಿ ಗಾಡಿಗೆ ಮೊದಲು ಒಂದು ಮನೆ ಬೇಕಾಗಿದೆ.

ಸರಕಾರದ ಸಹಾಯಧನವೂ ದೊಡ್ಡವರನ್ನೇ ಗುರುತಿಸುತ್ತದೆ. 2024ರಲ್ಲಿ ಆರಂಭವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಟ್ರಕ್ಕುಗಳ ಪ್ರೋತ್ಸಾಹಧನ ಒಟ್ಟು ತೂಕ ಮೂರೂವರೆ ಟನ್ನಿಗಿಂತ ಹೆಚ್ಚಿನ ವರ್ಗಗಳಿಗೆ ಮೀಸಲು. ಮೂರು ಚಕ್ರದ ಗಾಡಿಗೂ ಅಲ್ಲಿ ಸ್ಥಾನ ಸಿಕ್ಕಿತು, ನಡುವಿನ ಕುಟ್ಟಿ ಯಾನೆಗೆ ಸಿಗಲಿಲ್ಲ. ಒಂದೇ ಗೋದಾಮಿನಿಂದ ಗೊತ್ತಾದ ಓಣಿಗಳಿಗೆ ಪಾರ್ಸೆಲ್ ಹಂಚಿ ಸಂಜೆ ತನ್ನದೇ ಚಾರ್ಜರಿಗೆ ಮರಳುವ ಆನ್‌ಲೈನ್ ವ್ಯಾಪಾರದ ಕಂಪನಿಗೆ ಈ ವಾಹನ ಅಪ್ಪಟ ಲಾಭ. ಮೆಟ್ಟೂರಿನ ಒಂಟಿ ಮಾಲೀಕನಾದರೋ ಬೆಳಗ್ಗೆ ಸೇಲಂಗೆ ನೂಲು, ಅಲ್ಲಿಂದ ರಿಟರ್ನ್ ಲೋಡು ಸಿಕ್ಕರೆ ಧರ್ಮಪುರಿ, ಅಮಾವಾಸ್ಯೆ ಬಂದರೆ ಪಾಲಾರ್ ದಾಟಿ ಮಲೆ ಮಹದೇಶ್ವರ ಬೆಟ್ಟ ಎಂದು, ನಾಳೆಯ ದಾರಿ ಗೊತ್ತಿಲ್ಲದ್ದರಿಂದಲೇ ಅನ್ನ ಸಂಪಾದಿಸುವವನು. ಮೊದಲನೆಯವನಿಗಾಗಿ ಕಟ್ಟಿದ ಗಾಡಿಯನ್ನು ಮೊದಲನೆಯವನ ಲೆಕ್ಕದೊಡನೆ ಎರಡನೆಯವನಿಗೆ ಮಾರುತ್ತಿರುವುದೇ ಈ ಪತ್ರದ ತಕರಾರು.

ಆದುದರಿಂದ ವಿನಂತಿ ಇಷ್ಟೇ: ಪರೀಕ್ಷಾ ಓಟಕ್ಕೆಂದು ಖಾಲಿ ಗಾಡಿಯನ್ನು ಶೋರೂಮಿನ ಸುತ್ತ ಒಂದು ಸುತ್ತು ಹಾಕಿಸುವ ಪದ್ಧತಿಯನ್ನು ಬಿಟ್ಟು, 250 ಇಟ್ಟಿಗೆ ಹೇರಿ, ಏಪ್ರಿಲ್‌ನ ನಡುಮಧ್ಯಾಹ್ನ, ಮೆಟ್ಟೂರಿನಿಂದ ಕೊಳತ್ತೂರಿನ ಮೇಲೆ ಅದೇ ಮಹದೇಶ್ವರ ಬೆಟ್ಟಕ್ಕೆ ಮಹನೀಯರೇ ಒಮ್ಮೆ ಓಡಿಸಬೇಕು. ಇಳಿಜಾರಿನಲ್ಲಿ ಮೋಟಾರು ಜನರೇಟರಾಗಿ ಬದಲಾಗಿ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತನ್ನು ಮರಳಿಸುತ್ತದೆಂಬ ಮಹನೀಯರ ವಾದವನ್ನು ಸ್ಟ್ಯಾಂಡಿನವರು ನಂಬುತ್ತಾರೆ. ಆದರೆ ಅದಕ್ಕಾಗಿ ಮೊದಲು ಮೇಲೆ ಹತ್ತಿರಬೇಕು. ಇಟ್ಟಿಗೆ ಇಳಿಸುವ ಕೂಲಿ ಮಹನೀಯರದು. ಚಾರ್ಜು ಮೇಲೆಯೇ ಮುಗಿದರೆ ಗಾಬರಿಪಡಬೇಕಾಗಿಲ್ಲ, ಬೆಟ್ಟದ ದಾಸೋಹದಲ್ಲಿ ಊಟಕ್ಕೆ ಕೊರತೆಯಿಲ್ಲ.

ಇತಿ,
ಮೆಟ್ಟೂರಿನ ಗಾಡಿ ಸ್ಟ್ಯಾಂಡಿನ ಪರವಾಗಿ