ಟೊಮೇಟೊ ಫಲದ ಊರ್ಧ್ವಮುಖಿ ಮೌಲ್ಯ-ಚಲನಶೀಲತೆ: ಒಂದು ಬೇಡಿಕಾ-ಪೂರೈಕಾತ್ಮಕ ಮೀಮಾಂಸೆ

ಪೀಠಿಕೆ: ತರಕಾರಿ ಮಾರುವಾಕೆ 'ಮಾಲು ಬಂದಿಲ್ಲ ಸ್ವಾಮಿ' ಎಂದು ಹೇಳಿ ಮುಗಿಸುವ ಸಂಗತಿಯನ್ನು, ವಿಚಾರ ಸಂಕಿರಣದಲ್ಲಿ ಊಟದ ಹೊತ್ತು ಮೀರುವ ತನಕ ಹಿಗ್ಗಿಸುವುದೇ ಅರ್ಥಶಾಸ್ತ್ರದ ಪರಮ ಪುರುಷಾರ್ಥ. ಬೇಡಿಕೆ ಉಬ್ಬಿ ಬೆಲೆಯನ್ನು ಮೇಲಕ್ಕೆಳೆದರೆ ಅದು ಬೇಡಿಕೆ ಪ್ರೇರಿತ ಹಣದುಬ್ಬರ. ಪೂರೈಕೆ ಸೊರಗಿ, ಖರ್ಚು ಹೆಚ್ಚಿ ಬೆಲೆಯನ್ನು ಮೇಲಕ್ಕೆ ನೂಕಿದರೆ ವೆಚ್ಚ ಪ್ರೇರಿತ. ಎಳೆದರೂ ನೂಕಿದರೂ ಹರಿಯುವುದು ಗಿರಾಕಿಯ ಜೇಬೇ ಎಂಬುದು ಶಾಸ್ತ್ರದ ವ್ಯಾಪ್ತಿಗೆ ಬಾರದ ವಿಷಯ.

ವೇಗಾನುಸಾರಿ ವರ್ಗೀಕರಣ: ಹಣದುಬ್ಬರ ನಾಲ್ಕು ಬಗೆ. ತೆವಳುವುದು, ನಡೆಯುವುದು, ಓಡುವುದು, ನಾಗಾಲೋಟ ಕೀಳುವುದು. ತೆವಳುವ ಹಂತದಲ್ಲಿ ಒಂದು ಕೆ.ಜಿ. ಕೊಳ್ಳುವವರು ಮುಕ್ಕಾಲಿಗೆ ಇಳಿಯುತ್ತಾರೆ. ನಡೆಯುವ ಹಂತದಲ್ಲಿ ಸಾರಿಗೆ ಹುಣಸೆಹಣ್ಣು ಮತ್ತೆ ಪಟ್ಟಕ್ಕೇರುತ್ತದೆ. ಪಂಡಿತರು ಇದನ್ನು ಪರ್ಯಾಯ ಪರಿಣಾಮ ಎನ್ನುತ್ತಾರೆ. ನಮ್ಮತ್ತೆ, 'ನಾನು ಮೊದಲೇ ಹೇಳಿದ್ದೆ' ಎನ್ನುತ್ತಾರೆ. ಓಡುವ ಹಂತದಲ್ಲಿ... ಇರಲಿ, ಉಳಿದದ್ದನ್ನು ಪರೀಕ್ಷೆಗೆ ಕೂರುವವರು ಗೈಡಿನಲ್ಲಿ ನೋಡಿಕೊಳ್ಳಲಿ.

ಪ್ರಯೋಗ: ಕೋಲಾರದ ಮಾರುಕಟ್ಟೆ, ಜುಲೈ 2023. ಹರಾಜಿನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತು. ದೇಶಕ್ಕೆ ದೇಶವೇ ಇದ್ದಕ್ಕಿದ್ದಂತೆ ಗೊಜ್ಜಿನ ಮೋಹಕ್ಕೆ ಬಿದ್ದಿತ್ತೇ? ಇಲ್ಲ. ಬಿಸಿಲು, ಅಕಾಲದ ಮಳೆ, ಬಿಳಿನೊಣ ಹರಡುವ ಎಲೆ ಮುಟುರು ರೋಗ. ಗಿಡದಲ್ಲಿ ಕಾಯಿಯೇ ಇರಲಿಲ್ಲ. ಆ ತಿಂಗಳ ಚಿಲ್ಲರೆ ಹಣದುಬ್ಬರ ಶೇ 7.44. ರಿಸರ್ವ್ ಬ್ಯಾಂಕಿನ ಗುರಿ ಶೇ 4. ರೆಪೊ ದರವನ್ನು ಅಷ್ಟರಲ್ಲಾಗಲೇ ಶೇ 4ರಿಂದ 6.5ಕ್ಕೆ ಏರಿಸಿಯಾಗಿತ್ತು. ಆದರೆ ಸಾಲ ತುಟ್ಟಿಯಾಯಿತೆಂದು ಬಿಳಿನೊಣ ಎಲೆಯ ರಸ ಹೀರುವುದನ್ನೇನೂ ಬಿಡಲಿಲ್ಲ. ಆಗ ಬತ್ತಳಿಕೆಯಿಂದ ಹೊರಬಿತ್ತು ಬ್ರಹ್ಮಾಸ್ತ್ರ: ಕೋರ್ ಹಣದುಬ್ಬರ. ಆಹಾರವನ್ನೂ ಇಂಧನವನ್ನೂ ಲೆಕ್ಕದಿಂದ ತೆಗೆದು ನೋಡಿ, ಬೆಲೆ ಅಷ್ಟೇನೂ ಏರಿಲ್ಲ! ಉಣ್ಣದೆ, ಒಲೆ ಹಚ್ಚದೆ ಬದುಕುವವರಿಗೆ ನೆಮ್ಮದಿಯ ಸುದ್ದಿ.

ಉಪಸಿದ್ಧಾಂತ: ಆ ಜುಲೈಯಲ್ಲೇ ಕೇಂದ್ರ ಸರ್ಕಾರ ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಿಂದ ಟೊಮೇಟೊ ಕೊಂಡು ದಿಲ್ಲಿಯಲ್ಲಿ ಕಿಲೋಗೆ 90 ರೂಪಾಯಿಯಂತೆ ಮಾರಿಸಿತು. ಒಳ್ಳೆಯದೇ. ಬೆಲೆ ನೆಲಕಚ್ಚಿದಾಗ ಈ ಚುರುಕು ಎಲ್ಲಿಗೆ ಹೋಗುತ್ತದೆ? ಬಿಡಿಸಿದ ಕೂಲಿ, ಟೆಂಪೊ ಬಾಡಿಗೆ, ಮಂಡಿಯ ಕಮಿಷನ್ ಎಲ್ಲ ಕಳೆದರೆ ರೈತನೇ ಕೈಯಿಂದ ಕೊಡಬೇಕಾಗುತ್ತದೆ. ಅವನು ಬಾಕ್ಸುಗಳನ್ನು ರಸ್ತೆಗೆ ಸುರಿದು, ಖಾಲಿ ಬಾಕ್ಸು ಎಣಿಸಿಕೊಂಡು ಊರಿಗೆ ಹೊರಡುತ್ತಾನೆ. ಬೀಜ, ಗೊಬ್ಬರ, ಔಷಧಿಯ ಅಂಗಡಿಯಲ್ಲಿ ಅವನ ಬಾಕಿ ಹಾಗೇ ಇರುತ್ತದೆ. ಅದೇ ಸಂಜೆ ಟಿ.ವಿ.ಯಲ್ಲಿ ಟೈ ಕಟ್ಟಿದವರು 'ಹಣದುಬ್ಬರ ಹತೋಟಿಗೆ ಬಂದಿದೆ' ಎಂದು ಹಲ್ಲು ಕಿರಿಯುತ್ತಾರೆ. ನಾಚಿಕೆಯಾಗಬೇಕು. ನಗರದವರ ತಟ್ಟೆಗೆ ಬಂದದ್ದು ಬಿಕ್ಕಟ್ಟು, ಹೊಲದವನ ಮನೆಗೆ ಬಂದದ್ದು ಬರೀ 'ಪೂರೈಕೆಯ ಸುಧಾರಣೆ'!

ಕೇಂದ್ರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಟೊಮೇಟೊ ಇಲ್ಲ.