ಎದ್ದು ಓಡಾಡಿ ಮೇಷ್ಟ್ರೇ

ವಾಕಿಂಗ್ ಬಿಡಿ ಅಂತ ನಾನು ಹೇಳ್ತಾ ಇಲ್ಲ ಮೇಷ್ಟ್ರೇ. ಮಳೆ ಇರಲಿ ಚಳಿ ಇರಲಿ, ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕದೆ ನೀವು ಕಾಫಿ ಮುಟ್ಟೋರಲ್ಲ, ಅದು ಬೀದಿಗೆಲ್ಲ ಗೊತ್ತು. ನನ್ನ ಮಾತು ಅದರ ಆಮೇಲಿಂದು. ಕೆರೆಯಿಂದ ಬಂದು ಆ ಬೆತ್ತದ ಕುರ್ಚೀಲಿ ಕೂತರೆ ಮುಗೀತು. ಪೇಪರು, ತಿಂಡಿ, ಫೋನು, ಎರಡನೇ ಕಾಫಿ, ಎಲ್ಲ ಅಲ್ಲಿಗೇ ಬರುತ್ತೆ. ಮಧ್ಯಾಹ್ನ ಊಟ ಆದ ಕೂಡಲೇ ಒಂದು ಜೋಂಪು. ಸಂಜೆ ಟೀವಿ. ರಿಮೋಟೂ ಕೈಗೇ ಸಿಗೋ ಹಾಗೆ ಇಟ್ಟಿರ್ತಾರೆ. ಬೆಳಗಿನ ಒಂದು ಗಂಟೆ ಬಿಟ್ಟರೆ ದಿನವೆಲ್ಲ ಕಾಲಿಗೆ ಕೆಲಸವೇ ಇಲ್ಲ. ಇಷ್ಟು ನಡೆದರೂ ಊಟದ ಮೇಲಿನ ಸಕ್ಕರೆ ಯಾಕೆ ಇಳೀತಿಲ್ಲ ಅಂತ ನಿನ್ನೆ ಕೇಳಿದಿರಲ್ಲ, ಅದಕ್ಕೇ ಇಷ್ಟು ಸಲಿಗೆ ತಗೊಂಡು ಹೇಳ್ತಿದ್ದೀನಿ. ಮಾತ್ರೆ ವಿಷಯ ಡಾಕ್ಟರು ನೋಡ್ಕೋತಾರೆ. ಕುರ್ಚಿ ವಿಷಯ ನಾವೇ ನೋಡ್ಕೋಬೇಕು.

ಅನ್ನ ಸಾರು ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಏರೋದು ಮೊದಲ ಒಂದೆರಡು ಗಂಟೇಲಿ. ಆ ಹೊತ್ತಲ್ಲಿ ತೊಡೆ, ಮೀನಖಂಡದ ದೊಡ್ಡ ಸ್ನಾಯುಗಳು ಆಡ್ತಾ ಇದ್ದರೆ ಅವು ಆ ಸಕ್ಕರೇನ ತಮ್ಮ ಕಡೆ ಎಳ್ಕೋತವೆ. ದುಡಿಯೋ ಸ್ನಾಯು ಇದಕ್ಕೆ ಇನ್ಸುಲಿನ್ನಿಗೆ ಕಾಯೋದೂ ಇಲ್ಲ. ನಿಮ್ಮಂಥ ಸಕ್ಕರೆ ಕಾಯಿಲೆಯೋರಿಗೆ ಇದಕ್ಕಿಂತ ಒಳ್ಳೇ ಸುದ್ದಿ ಬೇಕಾ? ಬೆಳಗಿನ ಆರು ಗಂಟೆ ನಡಿಗೆಯಿಂದ ಲಾಭ ಇಲ್ಲ ಅಂತಲ್ಲ, ಖಂಡಿತ ಇದೆ. ಆದರೆ ಮಧ್ಯಾಹ್ನ ಒಂದೂವರೆಗೆ ಉಂಡಿದ್ದಕ್ಕೆ ಅದೊಂದನ್ನೇ ನಂಬ್ಕೊಂಡು ಮಲಗಿಬಿಡೋದು ಬೇಡ. ಕೈ ತೊಳೆದು ಹತ್ತು ನಿಮಿಷ ನಿಧಾನವಾಗಿ ಹಿತ್ತಲಲ್ಲಿ ಓಡಾಡಿ ಸಾಕು, ಬೆವರೋದೂ ಬೇಡ. ಆಮೇಲೆ ಬೇಕಾದ್ರೆ ಮಲಗಿ.

ಲಂಡನ್ನಿನ ಕೆಂಪು ಡಬಲ್ ಡೆಕರ್ ಬಸ್ಸು ಇದೆಯಲ್ಲ, ಅದರ ಕಥೆ ಕೇಳಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೆರೆಮಿ ಮಾರಿಸ್ ಅನ್ನೋ ವೈದ್ಯರು ಆ ಬಸ್ಸುಗಳ ನೌಕರರಲ್ಲಿ ಯಾರಿಗೆ ಹೃದಯದ ಕಾಯಿಲೆ ಬರುತ್ತೆ ಅಂತ ಲೆಕ್ಕ ಹಾಕಿದರು. ಡ್ರೈವರು ಕಂಡಕ್ಟರು ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಮ್ಮಿ ಒಂದೇ ತರಹದ ಬದುಕು. ಡ್ರೈವರು ಪಾಳಿ ಪೂರ್ತಿ ಸೀಟಲ್ಲಿ ಕೂತಿರೋನು. ಕಂಡಕ್ಟರು ಟಿಕೆಟ್ ಹರಿಯೋಕೆ ಮಹಡಿಗೆ ಹತ್ತಿ ಇಳಿದು, ದಿನಕ್ಕೆ ಐನೂರು ಆರುನೂರು ಮೆಟ್ಟಿಲು ಹತ್ತೋನು. ಹೃದಯದ ಕಾಯಿಲೆ ಕಂಡಕ್ಟರುಗಳಿಗೆ ಕಡಿಮೆ, ಬಂದರೂ ವಯಸ್ಸು ಕಳೆದು ಬರೋದು. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೇಲಿ ಇದು ಅಚ್ಚಾಯಿತು. ಮನೆಮನೆಗೆ ಕಾಗದ ಹಂಚೋ ಪೋಸ್ಟ್‌ಮ್ಯಾನಿಗೂ ಆಫೀಸಲ್ಲಿ ಕೂರೋ ಗುಮಾಸ್ತರಿಗೂ ಇಂಥದೇ ವ್ಯತ್ಯಾಸ ಕಂಡಿತ್ತು. ಅವರು ಯಾರೂ ಆರೋಗ್ಯಕ್ಕೆ ಅಂತ ನಡೆದೋರಲ್ಲ ನೋಡಿ. ಹೊಟ್ಟೆಪಾಡಿನ ಕೆಲಸವೇ ಹಾಗಿತ್ತು.

ಏನಂದ್ರಿ? ದಪ್ಪ ಇರೋರೇ ಡ್ರೈವರ್ ಕೆಲಸಕ್ಕೆ ಸೇರಿರಬಹುದು ಅಂತಲಾ? ಗಣಿತದ ಮೇಷ್ಟ್ರು ಕೇಳಬೇಕಾದ ಪ್ರಶ್ನೇನೇ. ಮಾರಿಸ್ ಅವರಿಗೂ ಆ ಅನುಮಾನ ಬಂತು. ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆಗಳನ್ನೆಲ್ಲ ತೆಗೆಸಿ ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟ ನಿಜಕ್ಕೂ ದೊಡ್ಡದೇ ಇತ್ತು. ಆದರೆ ತೆಳ್ಳಗಿರೋ ಡ್ರೈವರನ್ನ ತೆಳ್ಳಗಿರೋ ಕಂಡಕ್ಟರಿಗೆ ಹೋಲಿಸಿದರೂ ಹೃದಯದ ತೊಂದರೆ ಡ್ರೈವರಿಗೇ ಹೆಚ್ಚು. ನನಗಂತೂ ಆ ದರ್ಜಿ ಅಳತೆ ಪಟ್ಟಿ ಹಿಡಿದು ಸತ್ಯ ಹುಡುಕಿದ ಮನುಷ್ಯನ ಮೇಲೆ ಬಹಳ ಗೌರವ.

ನಿಮ್ಮ ಬೆಳಗಿನ ಒಂದು ಗಂಟೆಗೂ ನ್ಯಾಯ ಸಲ್ಲಬೇಕು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರ ಲೆಕ್ಕ ಒಟ್ಟು ಸೇರಿಸಿ 2016ರಲ್ಲಿ ನೋಡಿದ್ದಾರೆ. ದಿನಕ್ಕೆ 60ರಿಂದ 75 ನಿಮಿಷ ಚುರುಕಾಗಿ ಓಡಾಡಿದೋರಿಗೆ, ಎಂಟು ಗಂಟೆ ಕೂತು ಕೆಲಸ ಮಾಡಿದರೂ ಅದರ ಹಾನಿ ತಟ್ಟಲಿಲ್ಲವಂತೆ. ಆದರೆ ಟೀವಿ ಮುಂದೆ ಐದು ಗಂಟೆಗಿಂತ ಹೆಚ್ಚು ಕೂತೋರಿಗೆ ಅಷ್ಟು ನಡೆದರೂ ಹಾನಿ ಪೂರ್ತಿ ಹೋಗಲಿಲ್ಲ. ಸಂಜೆ ಏಳರಿಂದ ನಿಮ್ಮನೆ ಧಾರಾವಾಹಿ ಸದ್ದು ನಮಗೂ ಕೇಳುತ್ತಲ್ಲ, ಒಂದು ಮುಗಿದು ಇನ್ನೊಂದು ಶುರುವಾಗೋ ಮಧ್ಯೆಯಾದರೂ ಏಳಿ. ನಿಮ್ಮ ಮಗ ಕಳಿಸಿದ ವಾಚು ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಗುಯ್‌ಗುಟ್ಟಿದರೆ ಎದೆಗುಂದಬೇಡಿ. ಆ ಸಂಖ್ಯೆ ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟ ಹೆಜ್ಜೆ ಎಣಿಸೋ ಯಂತ್ರದಿಂದ, ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. ಅಮೆರಿಕದ ವಯಸ್ಸಾದ ಹೆಂಗಸರ ಅಧ್ಯಯನ ಒಂದರಲ್ಲಿ 4,400 ಹೆಜ್ಜೆಗೇ ಒಳ್ಳೇ ಫಲ ಕಂಡಿತ್ತು, 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ.

ಈಗ ಮನೆ ಒಳಗೆ ನೋಡಿ. ಹಾಲಿನ ಪ್ಯಾಕೆಟ್ ತರೋಕೆ ಗೇಟಿಗೆ, ದಾಸವಾಳ ಬಿಡಿಸೋಕೆ ಕಾಂಪೌಂಡಿಗೆ, ಬಟ್ಟೆ ಹರವೋಕೆ ತಾರಸಿಗೆ, ನಿಮ್ಮ ಕಾಫಿ ಲೋಟ ತಗೊಂಡು ಹೋಗೋಕೆ ಹಜಾರಕ್ಕೆ, ಎಲ್ಲಕ್ಕೂ ಅಮ್ಮನವರೇ. ಹೆಂಗಸರಿಗೆ ಮನೆಗೆಲಸವೇ ವ್ಯಾಯಾಮ ಅಂತ ಮಾತ್ರ ದಯವಿಟ್ಟು ಅನ್ನಬೇಡಿ, ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತೆ. ಒಲೆ ಮುಂದೆ ಒಂದೇ ಸಮ ನಿಂತು, ಬಗ್ಗಿ ಗುಡಿಸಿ, ಅವರ ಮಂಡಿ ಏನಾಗಿದೆ ಅಂತ ನೀವೇ ನೋಡ್ತಿದ್ದೀರಿ. ಸಂಜೆ ಅವರು ಗೋಡೆ ಹಿಡ್ಕೊಂಡು ಮೆಟ್ಟಿಲು ಇಳಿಯೋದು ನನಗೂ ಕಾಣ್ಸುತ್ತೆ. ಅವರ ಓಡಾಟದಲ್ಲಿ ಅರ್ಧ ನಿಮಗೆ ಬೇಕು, ನಿಮ್ಮ ಕೂರಾಟದಲ್ಲಿ ಅರ್ಧ ಅವರಿಗೆ ಬೇಕು. ತಾರಸಿ ಬಟ್ಟೆ ಇವತ್ತಿಂದ ನೀವು ತಗೊಳ್ಳಿ. ಲೋಟ ನೀವೇ ಒಳಗೆ ತಗೊಂಡು ಹೋಗಿ ತೊಳೆದಿಡಿ. ಕೊತ್ತಂಬರಿ ಸೊಪ್ಪನ್ನ ಫೋನಲ್ಲಿ ತರಿಸೋದು ಬಿಟ್ಟು ಮೂಲೆ ಅಂಗಡೀಗೆ ಹೋಗಿ, ಅಂಗಡಿಯವನ ಜೊತೆ ಎರಡು ಮಾತೂ ಆಗುತ್ತೆ. ನಿವೃತ್ತಿ ಆದ ಮೇಲೆ ಮಾತಿಗೆ ಜನ ಇಲ್ಲ ಅಂತಿದ್ರಲ್ಲ, ಜನ ಎಲ್ಲ ಅಲ್ಲೇ ಇದ್ದಾರೆ.

ಹಾಂ, ಮಾತ್ರೆ ತಗೊಳ್ಳೋರು ಹೊತ್ತಲ್ಲದ ಹೊತ್ತಲ್ಲಿ ಜಾಸ್ತಿ ನಡೆದರೆ ಸಕ್ಕರೆ ತೀರಾ ಇಳಿಯೋದೂ ಉಂಟು. ನಿಮ್ಮ ಡಾಕ್ಟರಿಗೆ ಒಂದು ಮಾತು ಕೇಳಿ, ಜೇಬಲ್ಲಿ ಒಂದು ಚೂರು ಬೆಲ್ಲ ಇಟ್ಕೊಳ್ಳಿ. ರಾತ್ರಿ ಎಂಟಕ್ಕೆ ನಮ್ಮ ಊಟ ಆಗಿರುತ್ತೆ, ನಾನು ಗೇಟಿನ ಹತ್ತಿರ ಬರ್ತೀನಿ. ಗಣೇಶನ ಗುಡಿ ತನಕ ಹೋಗಿ ಬರೋಣ. ಅಮ್ಮನವರಿಗೂ ಹೇಳಿ, ಪಾತ್ರೆ ಹಾಗೇ ಇರಲಿ, ಬಂದು ನೀವು ತೊಳೀತೀರಿ ಅಂತ.